ಗೋಡೆಯಾಚೆಯ ರೊಟ್ಟಿ ಸಪ್ಪಳ

ಸಂಜೆ ಐದೂವರೆಗೆ ನನಗೆ ಊಟದ ಹಸಿವಾಗುತ್ತದೆ. ಚಹಾದ ಜೊತೆ ಎರಡು ಬಿಸ್ಕೀಟು ತಿಂದರೆ ಅಡಗುವಂಥ ಹಸಿವಲ್ಲ. ತಾಟು ಇಟ್ಟುಕೊಂಡು, ಪಲ್ಯ ಬಡಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂಡಬೇಕೆನ್ನಿಸುವ ಪೂರಾ ಹಸಿವು. ಡಾಕ್ಟರರಿಗೆ ಹೇಳಿದೆ. ಅವರು ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ಜಂತು ಇರಬಹುದೆಂದು ಗುಳಿಗೆ ಕೊಟ್ಟರು. ಜಂತುಗಳೂ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೂ ಅವು ಗಡಿಯಾರ ನೋಡಿಕೊಂಡು ದಿನಾ ಅದೇ ಹೊತ್ತಿಗೆ ಊಟಕ್ಕೇಳುತ್ತಿದ್ದವೆಂದು ನನಗನ್ನಿಸುವುದಿಲ್ಲ. ಕೊನೆಗೆ ಅವರು, "ವಯಸ್ಸಾತಲ್ರಿ ಮಾಸ್ತರ, ಹಸಿವಾದ್ರ ಊಟಾ ಮಾಡ್ರಿ, ಅದಕ್ಯಾಕ ಔಷಧಾ?" ಎಂದು ಕೈ ತೊಳೆದುಕೊಂಡರು. ಅವರಿಗೆ ನಾನು ಪೂರ್ತಿ ಹೇಳಿರಲಿಲ್ಲ. ಆ ಹಸಿವು ಹುಟ್ಟುತ್ತಿದ್ದದ್ದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ.

ಕಿವಿಯ ಬಗ್ಗೆ ಮಾತಾಡುವ ಅಧಿಕಾರ ನನಗೆ ಒಂದಿಷ್ಟು ಇದೆಯೆಂದು ತಿಳಿದುಕೊಂಡಿದ್ದವನು ನಾನು. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಪಂಚೇಂದ್ರಿಯಗಳ ಪಾಠ ಬಂತೆಂದರೆ ನನಗೆ ಹಬ್ಬ. ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಕಪ್ಪುಹಲಗೆಯ ತುಂಬ ಒಂದು ಕಿವಿ ಬರೆಯುತ್ತಿದ್ದೆ. ಹೊರಗಿವಿ ಹಸಿರು, ತಮಟೆ ಕೆಂಪು, ಒಳಗಿನ ಶಂಖ ಹಳದಿ. ಶಂಖದಿಂದ ಒಂದು ಬಾಣ ಎಳೆದು, "ಇಲ್ಲಿಂದ ಸುದ್ದಿ ಮಿದುಳಿಗೆ ಹೋಗ್ತೈತಿ" ಅಂದು ಬಿಡುವಿನ ಗಂಟೆ ಬಾರಿಸುವುದಕ್ಕೆ ಸರಿಯಾಗಿ ಕೈ ಝಾಡಿಸುತ್ತಿದ್ದೆ. ಮಿದುಳಿಗೆ ಹೋಗಿ ಮುಂದೇನಾಗ್ತೈತ್ರಿ ಸರ್ ಎಂದು ಯಾವ ಹುಡುಗನೂ ಕೇಳಲಿಲ್ಲ, ಪುಣ್ಯವಂತರು. ಕೇಳಿದ್ದರೆ "ಅದು ನಿಮ್ಮ ಪರೀಕ್ಷಾಕ್ಕಿಲ್ಲ, ಕುಂದರ" ಅನ್ನುತ್ತಿದ್ದೆ. ಆ ಪ್ರಶ್ನೆ ನನ್ನ ಪರೀಕ್ಷೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ನಿವೃತ್ತನಾಗಿ ಗೋಕಾಕದ ಮನೆಯಲ್ಲಿ ಕೂತು ಯೋಚಿಸಲು ಹೊತ್ತು ಸಿಕ್ಕ ಮೇಲೆ ನನಗೆ ಅನ್ನಿಸತೊಡಗಿದ್ದು ಹೀಗೆ. ಆ ಬಾಣದ ತುದಿಯಲ್ಲಿ, ತಲೆಯೊಳಗೆ, ಒಬ್ಬ ಕಾರಕೂನ ಕೂತಿರುತ್ತಾನೆ. ಕಿವಿಯಿಂದ, ಕಣ್ಣಿನಿಂದ, ಮೂಗಿನಿಂದ ಬಂದ ಸುದ್ದಿಯನ್ನೆಲ್ಲ ಅವನೇ ತೆಗೆದುಕೊಳ್ಳುವವನು. ಆದರೆ ಸರಕಾರಿ ಕಚೇರಿಯ ಕಾರಕೂನನ ಹಾಗೆ ಅವನೂ ಬಂದದ್ದನ್ನು ಪೂರ್ತಿ ಓದುವುದಿಲ್ಲ. ಮೇಲಿಂದ ಮೇಲೆ ನೋಡಿ, "ಹಾಂ, ಇದು ಮೋಟರ್ ಸೈಕಲ್ಲು, ಇದು ಹಾಲಿನವನು, ಇದು ದಿನಾ ಇರೂದ, ಬಿಡು" ಎಂದು ಠಸ್ಸೆ ಹೊಡೆದು ಒಗೆಯುತ್ತಾನೆ. ದಿನಾ ಬರುವುದನ್ನಂತೂ ನಮ್ಮವರೆಗೆ ಕಳಿಸುವುದೇ ಇಲ್ಲ.

ಇದು ನನಗೆ ಮೊದಲು ಹೊಳೆದದ್ದು ನನ್ನ ಸೋದರತ್ತೆಯಿಂದ. ಆಕೆಯ ಮನೆ ಇದ್ದದ್ದು ಕೊಣ್ಣೂರಿನಾಚೆ, ಧಬಧಬೆಯ ಹತ್ತಿರ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬಂಡೆಯಿಂದ ಕೆಳಗೆ ಬೀಳುವಾಗ ಆ ಮನೆಯ ಕಿಟಕಿ ಗಾಜು ನಡುಗುತ್ತಿತ್ತು. ಸಣ್ಣವನಿದ್ದಾಗ ಹೋಗಿ, "ಅತ್ತೀ, ಈ ಸಪ್ಪಳದಾಗ ನೀ ಹೆಂಗ ಮಲಗ್ತೀ?" ಎಂದು ಕಿರುಚಿ ಕೇಳಿದ್ದೆ. ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಕಿವಿಗೊಟ್ಟು ಕೇಳಿ, "ಯಾವ ಸಪ್ಪಳೋ ತಮ್ಮಾ?" ಅಂದಳು. ಚೇಷ್ಟೆಗೆ ಅಂದದ್ದಲ್ಲ. ಖರೆನೇ ಆಕೆಗೆ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಬತ್ತಿ ಧಬಧಬೆ ಸುಮ್ಮನಾದರೆ ಮಾತ್ರ ಆಕೆ ನಿದ್ದೆಗೆಟ್ಟು, ಮನೆಯಲ್ಲಿ ಏನೋ ಕಳೆದುಹೋದವರಂತೆ ಓಡಾಡುತ್ತಿದ್ದಳಂತೆ. ನನ್ನ ಹೆಂಡತಿಯ ತಮ್ಮನದೂ ಇದೇ ಕತೆ. ಅವನ ಮನೆ ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ, ಹೈವೇಕ್ಕೆ ಹತ್ತಿ. ನಮ್ಮಲ್ಲಿಗೆ ಬಂದು ಮಲಗಿದಾಗಲೆಲ್ಲ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು, "ಮಾಮಾ, ನಿಮ್ಮ ಓಣ್ಯಾಗ ಒಂದ ಲಾರೀನೂ ಹಾಯೂದಿಲ್ಲಲ್ರಿ, ನಿದ್ದಿ ಹೆಂಗ ಹತ್ತಬೇಕು ಮನಷ್ಯಾಗ?" ಎಂದು ಜಗಳಕ್ಕೆ ಬರುತ್ತಿದ್ದ.

ಇಬ್ಬರನ್ನೂ ನೆನೆದು ನಾನೂ ನನ್ನ ಹೆಂಡತಿ ಕಸ್ತೂರಿಯೂ ಎಷ್ಟೋ ಸಲ ನಕ್ಕಿದ್ದೇವೆ. ಕಳೆದ ವರ್ಷ ದೀಪಾವಳಿಯ ಮುಂದೆ ಕಸ್ತೂರಿ ಹೋದಳು. ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಅಂದಳು, ದವಾಖಾನೆಗೆ ಹೋಗೋಣ ಅಂದೆ, ಒಲೆ ಆರಿಸಿ ಬರ್ತೀನಿ ಅಂದಳು. ಒಲೆ ಆರಿಸಿದಳು ಕೂಡ. ದವಾಖಾನೆಯ ಮೆಟ್ಟಿಲವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಮುಂದಿನದನ್ನು ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವುದಿಲ್ಲ. ಬಂಧು ಬಳಗ ಎಲ್ಲ ಬಂದು, ಅತ್ತು, ದಿನ ಕರ್ಮ ಮುಗಿಸಿ ಹೋದ ಮೇಲೆ ಮನೆ ಸುಮ್ಮನಾಯಿತು. ಆಗ ನನಗೆ ಅತ್ತೆಯ ಬೇಸಿಗೆ ಏನೆಂದು ತಿಳಿಯಿತು. ನಾನೂ ಹಾಗೆಯೇ ಮನೆಯ ತುಂಬ ಓಡಾಡಿದೆ.

ಅಲ್ಲಿಂದ ಮುಂದೆ ನನ್ನ ಕಾರಕೂನನಿಗೆ ತಲೆ ಕೆಟ್ಟಿತು. ಸಿಕ್ಕ ಸಿಕ್ಕದ್ದಕ್ಕೆಲ್ಲ "ಕಸ್ತೂರಿ" ಎಂದು ಠಸ್ಸೆ ಹೊಡೆಯತೊಡಗಿದ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಟಾವೆಲ್ಲು ಕಸ್ತೂರಿ. ಹಿತ್ತಲಲ್ಲಿ ಬೆಕ್ಕು ಕೆಡವಿದ ಚರಿಗೆ ಕಸ್ತೂರಿ. ಒಂದು ದಿನ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆಂದು ಮೂಡಲಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮುಂದೆ ಒಬ್ಬ ಹೆಣ್ಣುಮಗಳು ಹೊರಟಿದ್ದಳು. ಹಸಿರು ಇಳಕಲ್ ಸೀರೆ, ಎಡಕ್ಕೆ ಒಂಚೂರು ವಾಲುವ ನಡಿಗೆ, ಕೈಯಲ್ಲಿ ಭಾರದ ಚೀಲ. ನಾನು ಲಗುಬಗೆಯಿಂದ ಹಿಂದಿನಿಂದ ಹೋದವನೇ, "ಎಷ್ಟ ಸಲ ಹೇಳಬೇಕು ನಿನಗ, ಭಾರ ಎತ್ತಬ್ಯಾಡಂತ? ತಾ ಇಲ್ಲೆ ಚೀಲಾ" ಎಂದು ಚೀಲಕ್ಕೆ ಕೈ ಹಾಕಿದೆ. ಆಕೆ ತಿರುಗಿ ನೋಡಿದಳು. ಮುಖ ಬೇರೆ. ನಾನು ಚೀಲ ಬಿಡಬೇಕಿತ್ತು, ಬಿಡಲಿಲ್ಲ. ಮುಖ ಬೇರೆ ಎಂಬ ಸುದ್ದಿ ನನ್ನ ಕೈಯವರೆಗೆ ಬರಲು ತಡವಾಯಿತೇನೋ. ಅಷ್ಟರಲ್ಲಿ ಆಕೆಯ ಗಂಡ ಬಂದ. ಕಲ್ಲಿನಂಥ ಆಳು. "ಏನ್ರಿ ಯಜಮಾನ್ರ, ನಮ್ಮ ಚೀಲಾ ನಿಮಗ್ಯಾಕ?" ಅಂದ. ಸುತ್ತ ಜನ ಸೇರಿತು. ಈ ಊರಿನಲ್ಲಿ ನನ್ನ ಕೈಯಲ್ಲಿ ಕಲಿತವರು ಅಂಗಡಿಗೊಬ್ಬರಿದ್ದಾರೆ ಎಂಬುದು ಆಗ ನೆನಪಾಯಿತು. ಆ ತಾಯಿ ನನ್ನ ಮುಖ ನೋಡಿ ಏನು ಕಂಡಳೋ, ಗಂಡನ ತೋಳು ಹಿಡಿದು, "ಸುಮ್ಕಿರ್ರಿ, ಮನ್ಯಾಗಿನವ್ರು ಅಂತ ತಿಳಿದಾರ, ಪಾಪ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವ ಎತ್ತಿ ಬಸ್ಸಿನ್ಯಾಗ ಇಟ್ಟ ಬಿಡ್ರಿ ಕಾಕಾ" ಎಂದು ಚೀಲ ಕೊಟ್ಟಳು. ಎತ್ತಿ ಇಟ್ಟೆ. ಚೀಲದಲ್ಲಿ ಏನಿತ್ತೋ, ಬಹಳ ಭಾರವಿತ್ತು.

ಇನ್ನು ಹಸಿವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಾಜೂ ಮನೆ ಪಾರಿಸಣ್ಣನದು. ಜೈನರು, ಬಟ್ಟೆ ಅಂಗಡಿ ಇದೆ. ಅವನ ಹೆಂಡತಿ ಶಕುಂತಲಾಬಾಯಿಯವರನ್ನು ಇಡೀ ಓಣಿ ವೈನಿ ಎಂದೇ ಕರೆಯುತ್ತದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರ ಅಡಿಗೆ ಮನೆ, ಈ ಕಡೆ ನಮ್ಮದು. ಅವರದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಪದ್ಧತಿ. ಹೀಗಾಗಿ ವೈನಿ ಸಂಜೆ ಐದೂವರೆಗೆ ರೊಟ್ಟಿ ಬಡಿಯಲು ಶುರು ಮಾಡುತ್ತಾರೆ. ನಮ್ಮ ಕಡೆಯ ರೊಟ್ಟಿ ಲಟ್ಟಿಸುವಂಥದ್ದಲ್ಲ, ಜೋಳದ ಹಿಟ್ಟನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ಬಡಿದು ಬಡಿದು ಅಗಲ ಮಾಡುವಂಥದ್ದು. ಮನೆಯಲ್ಲಿ ರೊಟ್ಟಿ ಆಗುತ್ತಿದೆಯೋ ಇಲ್ಲವೋ ಎಂಬುದು ಓಣಿಗೆಲ್ಲ ಗೊತ್ತಾಗುತ್ತದೆ. ಗಂಡ ಹೆಂಡತಿಗೆ ಜಗಳವಾಗಿದ್ದರೆ ಅದೂ ಗೊತ್ತಾಗುತ್ತದೆ. ಆವತ್ತು ಬಡಿತ ಜೋರು. ಇಷ್ಟೊಂದು ವರ್ಷ ಆ ಗೋಡೆಯ ಈಚೆ ಬದುಕಿದ ನನಗೆ ವೈನಿಯ ರೊಟ್ಟಿ ಸಪ್ಪಳ ಒಂದು ದಿನವೂ ಕೇಳಿರಲಿಲ್ಲ. ಕಾರಕೂನ ಅದನ್ನು "ದಿನಾ ಇರೂದ" ಎಂದು ಒಗೆದುಬಿಟ್ಟಿದ್ದ. ನಮ್ಮ ಮನೆಯ ರೊಟ್ಟಿ ಆಗುತ್ತಿದ್ದದ್ದು ರಾತ್ರಿ ಎಂಟಕ್ಕೆ. ಟೀವಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಅವತ್ತಿನ ಕಾಟ ಕೊಟ್ಟು ಮುಗಿಸಿದ ಮೇಲೆಯೇ ಕಸ್ತೂರಿ ಒಲೆಯ ಮುಂದೆ ನಿಲ್ಲುತ್ತಿದ್ದಳು.

ಆಗಿನ ನಮ್ಮ ಕ್ರಮವನ್ನೂ ಹೇಳಿಬಿಡುತ್ತೇನೆ. ಎಂಟರ ಹೊತ್ತಿಗೆ ನಾನು ಪಡಸಾಲೆಯ ಕುರ್ಚಿಯಲ್ಲಿ ಕೂತು ಬೆಳಗಿನ ಪೇಪರಿನ ಪದಬಂಧ ತುಂಬುತ್ತಿರುತ್ತಿದ್ದೆ. ಮೊದಲನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿದ ಕೂಡಲೇ ಕಸ್ತೂರಿ, "ಬರ್ರೀ" ಎಂದು ಕೂಗುತ್ತಿದ್ದಳು. "ಬಂದೆ" ಅನ್ನುತ್ತಿದ್ದೆ. ಹೋಗುತ್ತಿರಲಿಲ್ಲ. ಎರಡನೆಯ ರೊಟ್ಟಿ, ಮತ್ತೆ "ಬರ್ರೀ", ಮತ್ತೆ "ಬಂದೆ". ಹಾಗೆಂದು ನಾನು ಬೇಕಂತ ಮಾಡುತ್ತಿದ್ದೆನೆಂದು ತಿಳಿಯಬೇಡಿ; ಎಡದಿಂದ ಬಲಕ್ಕೆ ನಾಲ್ಕಕ್ಷರದ ಒಂದು ಪದ ಯಾವಾಗಲೂ ಬಾಕಿ ಉಳಿದಿರುತ್ತಿತ್ತು. ಕೊನೆಗೆ ಆಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, "ಬಂದೆ ಅನ್ನೂದು ಬಾಯಿ, ಬರಬೇಕಾದ್ದು ಕಾಲು. ನಿಮ್ಮ ಬಾಯಿಗೂ ಕಾಲಿಗೂ ಮಾತಾ ಬಿಟ್ಟಾವೇನ್ರಿ?" ಅನ್ನುತ್ತಿದ್ದಳು. ಆಗ ಏಳುತ್ತಿದ್ದೆ. ಮದುವೆಯಾದಾಗಿನಿಂದಲೂ ಹೀಗೇ ನಡೆದು ಬಂದಿತ್ತು, ಇಬ್ಬರಿಗೂ ರೂಢಿಯಾಗಿತ್ತು.

ಆಕೆ ಹೋದ ಮೇಲೆ ಒಂದು ಸಂಜೆ ಅದೇ ಕುರ್ಚಿಯಲ್ಲಿ ಕೂತಿದ್ದೆ. ಅಡಿಗೆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಪೇಪರ್ ಮಡಚಿಟ್ಟು ಎದ್ದು ಹೋಗಿ, ತಾಟು ತೊಳೆದು, ಮಣೆ ಹಾಕಿಕೊಂಡು ಕೂತೆ. ಕೂತೇ ಇದ್ದೆ. ಒಲೆ ತಣ್ಣಗಿತ್ತು. ಸಪ್ಪಳ ಗೋಡೆಯೊಳಗಿನಿಂದ ಬರುತ್ತಿತ್ತು. ವೈನಿಯದು ಎಂದು ತಲೆಗೆ ತಿಳಿಯಿತು, ಆದರೆ ತಿಳಿದು ಏನೂ ಉಪಯೋಗವಾಗಲಿಲ್ಲ. ಕಿವಿಗೆ ಅದು ಕಸ್ತೂರಿಯ ಕೈ. ಅದೇ ಬಡಿತ, ಅದೇ ತಾಳ, ಬಳೆಯ ಸಪ್ಪಳ ಕೂಡ ಅದೇ. ಕಣ್ಣು ಮುಚ್ಚಿದರೆ ಆಕೆ ಆ ಗೋಡೆಯ ಹತ್ತಿರವೇ ನಿಂತಿದ್ದಳು. ಎದ್ದು ಹೋಗಲು ಮನಸ್ಸಾಗಲಿಲ್ಲ. ಖಾನಾವಳಿಯಿಂದ ತಂದಿಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಅಲ್ಲೇ ಊಟ ಮಾಡಿದೆ. ಆಕೆ ಹೋದ ಮೇಲೆ ಅವತ್ತು ಮೊದಲ ಸಲ ಊಟ ರುಚಿ ಹತ್ತಿತು.

ಮರುದಿನ ಐದೂವರೆಗೆ ನಾನು ಮೊದಲೇ ತಾಟು ಇಟ್ಟುಕೊಂಡು ಕೂತಿದ್ದೆ. ಅದರ ಮರುದಿನವೂ. ಹೀಗೆ ಊಟದ ಹೊತ್ತಿನ ಮಟ್ಟಿಗೆ ನಾನು ಜೈನನಾದೆ. ಎಂಟು ಗಂಟೆಗೆ ಮತ್ತೆ ಹಸಿವಾದರೆ ನೀರು ಕುಡಿದು ಮಲಗುತ್ತಿದ್ದೆ. ಪಾರಿಸಣ್ಣ ಮನೆಮಂದಿಯನ್ನೆಲ್ಲ ಕರೆದುಕೊಂಡು ಯಾತ್ರೆಗೆ ಹೋದ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ, ಅವರು ತಿರುಗಿ ಬಂದಾಗ ಪ್ರಸಾದಕ್ಕಿಂತ ಹೆಚ್ಚಾಗಿ ಸಂಜೆಯ ದಾರಿ ಕಾಯ್ದೆ. ಹೆಂಡತಿ ಸತ್ತವನು ಬಾಜೂ ಮನೆಯ ಗೋಡೆಗೆ ಕಿವಿ ಹಚ್ಚಿ ಕೂಡುತ್ತಾನೆಂದರೆ ಕೇಳಿದವರು ಏನೆಂದುಕೊಂಡಾರು? ಅದಕ್ಕೇ ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಪಾರಿಸಣ್ಣ ಕಟ್ಟೆಯ ಮೇಲೆ ಕೂತು ಖುಷಿಯಿಂದ ಹೇಳಿದ. "ಮಾಸ್ತರ, ಮ್ಯಾಲಿನ ಮಜಲಾ ತಯಾರಾತ್ರಿ. ಮುಂದಿನ ತಿಂಗಳ ಅಡಿಗಿ ಮನಿ ಮ್ಯಾಲ ಒಯ್ತೇವಿ. ಕೆಳಗ ಬರೇ ಸಾಮಾನಾ ಇಡೂದು."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಒಯ್ಯಬ್ಯಾಡ್ರಿ. ಅಡಿಗಿ ಮನಿ ಅಗ್ನಿ ಮೂಲ್ಯಾಗ ಇರಬೇಕು. ಈಗ ಸರಿ ಐತಿ."

"ಮ್ಯಾಲೂ ಅದ ಮೂಲ್ಯಾಗ ಬರ್ತೈತಲ್ರಿ. ಕೆಳಗಿನ ಮೂಲಿ ಮ್ಯಾಲ ಅದ ಮೂಲಿ."

ವಿಜ್ಞಾನ ಕಲಿಸಿದವನಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಪಾರಿಸಣ್ಣ ನನ್ನನ್ನು ವಾರೆಗಣ್ಣಿನಿಂದ ನೋಡಿದ. "ಅಲ್ರಿ ಮಾಸ್ತರ, ವಾಸ್ತು ಅನ್ನೂದು ಪೂರಾ ಬೋಗಸ್ ಅಂತ ಗಣಪತಿ ಪೆಂಡಾಲದಾಗ ಮೈಕ್ ಹಿಡದ ಭಾಷಣಾ ಮಾಡಿದವ್ರು ನೀವ ಅಲ್ಲೇನ್ರಿ?"

"ಆವಾಗ ನನಗ ತಿಳುವಳಿಕಿ ಕಮ್ಮಿ ಇತ್ತು," ಅಂದೆ. ಅಷ್ಟಕ್ಕೇ ಬಿಡದೆ ಇನ್ನೊಂದು ಹಗ್ಗ ಎಸೆದೆ. "ಹೋಗ್ಲಿ, ವೈನಿ ಮೊಣಕಾಲರ ನೋಡ್ರಿ. ದಿನಾ ಮ್ಯಾಲ ಕೆಳಗ ಮೆಟ್ಲ ಹತ್ತಿ ಇಳದ್ರ ಏನಾಗಬೇಕು ಅವರ ಗತಿ?"

ಒಳಗಿನಿಂದ ವೈನಿಯ ದನಿ ಬಂತು. "ನನ್ನ ಮೊಣಕಾಲ ಸುದ್ದಿ ಕೇಳಿದವ್ರು ಈ ಜಲ್ಮದಾಗ ನೀವ ಮೊದಲನೇದವ್ರು ನೋಡ್ರಿ ಮಾಸ್ತರ!" ಆಮೇಲೆ ಗಂಡನಿಗೆ ಮರಾಠಿಯಲ್ಲಿ, "ಐಕಲಂತ ಕಾ?" ಎಂದು, ಕೇಳಿದಿರಾ ಎಂದು, ಒಂದು ಮಾತಿನ ಏಟು ಹಾಕಿದರು. ಪಾರಿಸಣ್ಣ ಮುಖ ಗಂಟಿಕ್ಕಿದ. ಆ ಸಪ್ಪಳ ನನಗೆ ಬೇಕು, ಅದಿಲ್ಲದಿದ್ದರೆ ನನ್ನ ಹೆಂಡತಿ ಪೂರ್ತಿ ಹೋಗಿಬಿಡುತ್ತಾಳೆ ಎಂದು ಹೇಳಿಬಿಡಬೇಕೆನ್ನಿಸಿತು. ಆದರೆ ಹೇಗೆ ಹೇಳಲಿ? ನಿನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಾನು ದಿನಾ ಕೇಳುತ್ತಾ ಕೂಡುತ್ತೇನೆ ಎಂದು ಯಾವ ಗಂಡಸು ಯಾವ ಗಂಡಸಿಗೆ ಹೇಳುತ್ತಾನೆ? ನಾನು ಗೋಕಾಕದಲ್ಲಿ ಇನ್ನೂ ಕೆಲವು ಕಾಲ ಬದುಕಬೇಕಲ್ಲ. ಸುಮ್ಮನೆ ಎದ್ದು ಬಂದೆ.

ಪಾರಿಸಣ್ಣ ಸುಮ್ಮನೆ ಬಿಡಲಿಲ್ಲ. ಹುಕ್ಕೇರಿಯಲ್ಲಿರುವ ನನ್ನ ಮಗಳು ಸವಿತಾಗೆ ಫೋನ್ ಮಾಡಿ, "ಮಾಸ್ತರ ವಾಸ್ತು ಹೇಳಾಕ ಹತ್ಯಾರವ್ವಾ, ಒಂದ ಸಲ ಬಂದ ನೋಡಿ ಹೋಗ" ಎಂದಿದ್ದಾನೆ. ನಾನು ವಾಸ್ತು ಹೇಳುತ್ತಿದ್ದೇನೆಂದರೆ ಅದು ಜ್ವರ ತಲೆಗೇರಿದ ಲಕ್ಷಣವೆಂದು ಆಕೆಗೂ ಅನ್ನಿಸಿದೆ. ಒಬ್ಬಳೇ ಮಗಳು. ರವಿವಾರ ಗಂಡನನ್ನೂ ಮಕ್ಕಳನ್ನೂ ಅಲ್ಲೇ ಬಿಟ್ಟು ಬಂದಳು. ಬಂದವಳೇ ನನ್ನ ಹಣೆ ಮುಟ್ಟಿ ನೋಡಿದಳು, ಫ್ರಿಜ್ ತೆಗೆದು ನೋಡಿದಳು, ಖಾನಾವಳಿಯ ರೊಟ್ಟಿ ಕಟ್ಟು ಮೂಸಿ ನೋಡಿದಳು. "ಅಪ್ಪಾ, ಖರೆ ಹೇಳ, ಆರಾಮ ಅದಿ?" ಅಂದಳು.

ಮಗಳಿಗಾದರೂ ಹೇಳಬಹುದಲ್ಲ ಎಂದು ಧೈರ್ಯ ಮಾಡಿದೆ. ಬಾಯಿಂದ ಹೇಳುವುದಕ್ಕಿಂತ ಕೇಳಿಸುವುದು ಒಳ್ಳೆಯದೆನ್ನಿಸಿತು. ಐದೂವರೆಯ ಹೊತ್ತಿಗೆ ಆಕೆಯನ್ನು ಅಡಿಗೆ ಮನೆಗೆ ಕರೆದುಕೊಂಡು ಹೋಗಿ ಗೋಡೆಯ ಹತ್ತಿರ ಕೂಡಿಸಿದೆ. ಸಪ್ಪಳ ಶುರುವಾಯಿತು. "ಕೇಳ ಸವಿತಾ," ಅಂದೆ, "ನಿಮ್ಮವ್ವ."

ಆಕೆ ಕೇಳಿದಳು. ಬಹಳ ಹೊತ್ತು ಕೇಳಿದಳು. ಆಕೆಯ ಕಣ್ಣಲ್ಲಿ ನೀರು ಬರುತ್ತದೆಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಆಕೆ ನನ್ನ ಕೈ ಮೇಲೆ ಕೈ ಇಟ್ಟು ಮೆಲ್ಲಗೆ, "ಅಪ್ಪಾ, ಇದು ವೈನೀದು" ಅಂದಳು.

"ವೈನೀದ ಅನ್ನೂದು ನನಗ ಗೊತ್ತೈತಿ. ನನಗೇನ ಹುಚ್ಚ ಹಿಡದಿಲ್ಲ. ಬಡ್ತಾ ಕೇಳ. ನಿಮ್ಮವ್ವಂದ ಬಡ್ತಾ."

"ಅಲ್ಲಪ್ಪಾ."

"ಏನ ಅಲ್ಲ?"

"ಅವ್ವ ಹಿಂಗ ಬಡೀತಿರಲಿಲ್ಲ. ವೈನಿ ಎರಡೂ ಕೈಲೆ ಬಡೀತಾರ, ಪಟಪಟಪಟ ಅಂತ, ಗಡಬಡೀಲೆ. ಅವ್ವ ಒಂದ ಕೈಲೆ ಬಡದು ಒಂದ ಕೈಲೆ ತಿರವತಿದ್ಲು. ಸಾವಕಾಶ. ಬಳಿ ಸಪ್ಪಳಾ ಬರೂದ ಇಲ್ಲ, ಅಡಿಗಿ ಮನ್ಯಾಗ ಬಳಿ ಮ್ಯಾಲ ಏರಿಸಿ ಇಟ್ಟಿರತಿದ್ಲು."

ನನಗೆ ಸಿಟ್ಟು ಬಂತು. "ಆಕೀ ಕೂಡ ಸಂಸಾರ ಮಾಡಿದಾವ ನಾನು. ನನಗ ಗೊತ್ತಿಲ್ಲೇನ?"

"ಆಕೀ ಬಾಜೂಕ ನಿಂತು ರೊಟ್ಟಿ ಕಲಿತಾಕಿ ನಾನು," ಅಂದಳು ಮಗಳು. ದನಿ ಏರಿಸಿ ಅನ್ನಲಿಲ್ಲ. ಏರಿಸಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಆಕೆ ಹೇಳಿದ್ದು ಸುಳ್ಳೆಂದು ಸಾಧಿಸಲು ಕಸ್ತೂರಿಯ ಸಪ್ಪಳವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಪಟಪಟಪಟ ಎಂದೇ ಬಂತು. ಇಲ್ಲ, ಇದಕ್ಕಿಂತ ಮುಂಚಿನದು, ಆಕೆ ಇದ್ದಾಗಿನದು ಎಂದುಕೊಂಡು ಮತ್ತೆ ನೋಡಿದೆ. ಮತ್ತೆ ಅದೇ ಪಟಪಟಪಟ, ಅದೇ ಬಳೆ. ಒಂದು ವರ್ಷದಿಂದ ದಿನಾ ಗೋಡೆಗೆ ಕಿವಿಗೊಟ್ಟು ಕೂತು ನಾನು ಕಸ್ತೂರಿಯನ್ನು ಉಳಿಸಿಕೊಳ್ಳುತ್ತಿದ್ದೇನೆಂದು ತಿಳಿದಿದ್ದೆ. ಒಳಗಿನ ಆ ಕಾರಕೂನ ಆಕೆಯದನ್ನು ಎತ್ತಿ ಹೊರಗೆ ಹಾಕಿ, ಆ ಜಾಗದಲ್ಲಿ ವೈನಿಯದನ್ನು ತಂದಿಟ್ಟು, ಮೇಲೆ ಆಕೆಯ ಹೆಸರು ಬರೆದಿದ್ದ. ನಾನು ಕೇಳಿ ಕೇಳಿಯೇ ಆಕೆಯನ್ನು ಅಳಿಸಿದ್ದೆ. ಕೇಳದೆ ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದಳೋ ಏನೋ. ಹಾಗೆ ನೋಡಿದರೆ ಮುಖ ಕೂಡ ಈಗ ನನಗೆ ಬರುವುದು ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋದ್ದೇ, ಸ್ಟುಡಿಯೋದವನು ಗಲ್ಲಕ್ಕೆ ಗುಲಾಬಿ ಬಣ್ಣ ಹಚ್ಚಿದ್ದು. ಆಕೆಯ ಗಲ್ಲ ಯಾವತ್ತೂ ಗುಲಾಬಿ ಇರಲಿಲ್ಲ. ಆ ಕಲ್ಲಿನ ಮೇಲೆ ಕೂತು ನಾನು ಅತ್ತೆ. ದವಾಖಾನೆಯಲ್ಲಿ ಕೂಡ ಹಾಗೆ ಅತ್ತಿರಲಿಲ್ಲ. ಅವತ್ತು ಐದೂವರೆಯ ಊಟ ಮಾಡಲಿಲ್ಲ. ಇನ್ನು ವೈನಿಯ ಅಡಿಗೆ ಮನೆ ಮೇಲೆ ಹೋದರೂ ಒಂದೇ, ಕೆಳಗಿದ್ದರೂ ಒಂದೇ. ಆ ವೇಳೆಗೆ ಗೋಡೆಯ ಆಚೆ ಸಪ್ಪಳ ನಿಂತಿತ್ತು, ಪಾರಿಸಣ್ಣ ತೇಗಿದ್ದು ಕೇಳಿಸಿತು.

ಹೊತ್ತು ಮುಳುಗಿದ ಮೇಲೆ ಸವಿತಾ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. "ಒಳಗ ಬಾ. ಬದನಿಕಾಯಿ ಮಾಡೇನಿ. ಎಂಟಕ್ಕ ರೊಟ್ಟಿ ಬಡೀತೇನಿ, ಅವ್ವ ಬಡದಂಗ. ಕುರ್ಚಿ ಮ್ಯಾಲ ಕುಂತ ಕೇಳ."

ಕುರ್ಚಿಯಲ್ಲಿ ಕೂತೆ. ಆಕೆ ಪೇಪರನ್ನೂ ಪೆನ್ನನ್ನೂ ತಂದು ಕೈಗೆ ಕೊಟ್ಟಳು. ಅಡಿಗೆ ಮನೆಯಲ್ಲಿ ಎಸರು ಕುದಿದ ವಾಸನೆ ಬಂತು, ಹಿಟ್ಟು ನಾದಿದ್ದು ಗೊತ್ತಾಯಿತು. ಆಮೇಲೆ ಬಡಿತ ಶುರುವಾಯಿತು. ಪರೀಕ್ಷೆಗೆ ಕೂತ ಹುಡುಗನ ಹಾಗೆ ನಾನು ಕಣ್ಣು ಮುಚ್ಚಿದೆ. ತಪ್, ತಪ್, ಒಂದು ಸಣ್ಣ ಬಿಡುವು. ತಪ್, ತಪ್, ಮತ್ತೆ ಬಿಡುವು. ಹಲಗೆಯ ಮೇಲೆ ಹಿಟ್ಟು ತಿರುಗುವ ಸಣ್ಣ ಸರಸರ. ಬಳೆ ಇಲ್ಲ. ಮಗಳು ಅವ್ವನನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾಳಲ್ಲ ಎಂದು ಸಂತೋಷವಾಗಬೇಕಿತ್ತು. ಆದರೆ ನನಗೆ ಗುರುತು ಹತ್ತಲಿಲ್ಲ. ಯಾವುದೋ ಊರಲ್ಲಿ, ಯಾರದೋ ಮನೆಯಲ್ಲಿ, ಯಾರೋ ರೊಟ್ಟಿ ಬಡಿಯುತ್ತಿದ್ದರು. ಇನ್ನೊಂದಿಷ್ಟು ಕೇಳಿದರೆ ನೆನಪಾದೀತೆಂದು ಉಸಿರು ಬಿಗಿ ಹಿಡಿದು ಕೇಳಿದೆ. ಏನೂ ಆಗಲಿಲ್ಲ. ಇನ್ನು ಮಗಳು ಬಂದು "ಗುರ್ತ ಹತ್ತಿತೇನಪ್ಪಾ?" ಎಂದು ಕೇಳಿದರೆ ಹೂಂ ಎಂದು ಸುಳ್ಳು ಹೇಳಬೇಕು ಎಂದು ನಿರ್ಧಾರ ಮಾಡಿಕೊಂಡೆ.

ಬಡಿತ ನಿಂತಿತು. ರೊಟ್ಟಿ ಎತ್ತಿ ಹಂಚಿಗೆ ಹಾಕಿದ್ದು ಚುಂಯ್ ಎಂದು ಕೇಳಿಸಿತು. ಆಮೇಲೆ ಏನೂ ಇಲ್ಲ. ಸವಿತಾ ಒದ್ದೆ ಅರಿವೆಯಿಂದ ರೊಟ್ಟಿಗೆ ನೀರು ಸವರುತ್ತಿದ್ದಿರಬೇಕು. ಮನೆ ಒಂದು ಗಳಿಗೆ ಸುಮ್ಮನಿತ್ತು.

"ಬಂದೆ."

ಯಾರೋ ಅಂದರು. ಪಡಸಾಲೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ನಾನೇ ಅಂದಿದ್ದೆ. ಸವಿತಾ ಕರೆದಿರಲಿಲ್ಲ, ಯಾರೂ ಕರೆದಿರಲಿಲ್ಲ. ಆದರೂ ಆ ಸುಮ್ಮನಿದ್ದ ಗಳಿಗೆಯಲ್ಲಿ, ಸರಿಯಾಗಿ ಆ ಜಾಗದಲ್ಲಿ, ಕಸ್ತೂರಿಯ ಕರೆ ಇತ್ತು. ನಾನು ವರ್ಷವಿಡೀ ಸಪ್ಪಳದಲ್ಲಿ ಹುಡುಕಿದ್ದೆ, ಆಕೆ ಇದ್ದದ್ದು ಸಪ್ಪಳ ನಿಂತ ಮೇಲೆ. ಕಿವಿ ಮರೆತದ್ದನ್ನು ಬಾಯಿ ಮರೆತಿರಲಿಲ್ಲ. ಒಳಗಿನ ಕಾರಕೂನನನ್ನು ಕೇಳದೆಯೇ ಅದು ಉತ್ತರ ಕೊಟ್ಟುಬಿಟ್ಟಿತ್ತು.

ಅಡಿಗೆ ಮನೆಯಲ್ಲಿ ಮಗಳ ಕೈ ನಿಂತುಹೋದದ್ದು ನನಗೆ ಗೊತ್ತಾಯಿತು. ಆಕೆ ಬಿಕ್ಕಿದ್ದು ಕೇಳಿಸಿತು. ನಾನು ಎದ್ದೆ. ಪೇಪರು ಕೆಳಗೆ ಬಿತ್ತು, ಪದಬಂಧ ಪೂರಾ ಖಾಲಿಯೇ ಇತ್ತು. ಬಾಯಿ ಅಂದ ಕೂಡಲೇ ಕಾಲು ಹೊರಟದ್ದು ನನ್ನ ಇಡೀ ಸಂಸಾರದಲ್ಲಿ ಅದೇ ಮೊದಲು, ನೋಡಲು ಕಸ್ತೂರಿಯೇ ಇರಲಿಲ್ಲ. ನೇರ ಹೋಗಿ, ಗೂಡಿನಿಂದ ತಾಟು ತೆಗೆದುಕೊಂಡು, ಒಲೆಯ ಬಾಜೂಕೆ ತಾಟು ಹಿಡಿದು ನಿಂತೆ. ಸವಿತಾ ಹಿಟ್ಟು ಹತ್ತಿದ ಮುಂಗೈಯಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು, ತಾಟನ್ನು ನೋಡಿದಳು, ಹಂಚನ್ನು ನೋಡಿದಳು.

"ಕುಂದರ ಅಪ್ಪಾ," ಅಂದಳು. "ಇಷ್ಟ ಲಗೂನ ಬಂದ್ರ ಹೆಂಗ? ಇನ್ನೂ ಒಂದ ಮಗ್ಗಲಾನೂ ಬೆಂದಿಲ್ಲ."